ನಡುವಿನ ಹತ್ತು

ನನಗೆ ಹೇಸಿಗೆ ಬೇಗ ಬರುತ್ತದೆ. ಚಹಾದ ಕಪ್ಪಿನ ಅಂಚಿನಲ್ಲಿ ಹಿಂದಿನವರ ತುಟಿಯ ಗುರುತು ಕಂಡರೆ ಆ ದಿನದ ಚಹಾ ಅಲ್ಲಿಗೇ ಮುಗಿಯಿತು. ಬಸ್ಸಿನ ಕಿಟಕಿಯ ಸರಳು ಜಿಡ್ಡಾಗಿದ್ದರೆ ಆಳಂದದವರೆಗೂ ಕೈ ಮಡಚಿಕೊಂಡೇ ಕೂರುತ್ತೇನೆ. ನಿಂಬರ್ಗಾದಲ್ಲಿ ನಮ್ಮವ್ವ, "ಇಕೀ ಮೂಗು ತೆಗದು ಪೆಟ್ಟಿಗ್ಯಾಗ ಇಡಬೇಕು ನೋಡ್ರಿ" ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದಳು. ತೊಗರಿ ರಾಶಿಯ ಕಾಲಕ್ಕೆ ಹೊಲದಲ್ಲಿ ಎಲ್ಲರೂ ಒಂದೇ ತಂಬಿಗೆಗೆ ಬಾಯಿ ಹಚ್ಚಿ ನೀರು ಕುಡಿದರೆ ನಾನೊಬ್ಬಳು ಬೊಗಸೆ ಒಡ್ಡುತ್ತಿದ್ದೆ.

ಗಣಿತ ನನಗೆ ಹಿಡಿಸಿದ್ದಕ್ಕೆ ಇದೂ ಒಂದು ಕಾರಣ ಇದ್ದೀತು. ಸಂಖ್ಯೆಗೆ ಎಂಜಲಿಲ್ಲ. ಏಳನ್ನು ಯಾರು ಎಷ್ಟು ಸಲ ಬಳಸಿದರೂ ಅದು ಏಳಾಗಿಯೇ ಉಳಿಯುತ್ತದೆ. ಹಾಗೆಂದು ತಿಳಿದಿದ್ದೆ.

ಅಫಜಲಪುರದ ಒಂದು ಖಾಸಗಿ ಡಿಗ್ರಿ ಕಾಲೇಜಿನಲ್ಲಿ ಕೆಲವು ವರ್ಷ ಗಣಿತ ಕಲಿಸಿದೆ. ಕಾಯಂ ನೌಕರಿಯಲ್ಲ, ವರ್ಷ ಶುರುವಾಗುವಾಗ ಕರೆದರೆ ಉಂಟು, ಕರೆಯದಿದ್ದರೆ ಇಲ್ಲ. ವಿಭಾಗದಲ್ಲಿ ನಾವು ಇಬ್ಬರೇ. ಇನ್ನೊಬ್ಬರು ವಿಭಾಗದ ಮುಖ್ಯಸ್ಥರು, ಡಾಕ್ಟರೇಟ್ ಮಾಡಿದವರು, ವಯಸ್ಸಿನಲ್ಲಿ ನನಗಿಂತ ಬಹಳ ಹಿರಿಯರು. ಅವರ ಬಾಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಗುಟಖಾ. ರಸ ಚೆಲ್ಲಬಾರದೆಂದು ಗದ್ದ ಮೇಲೆತ್ತಿ, ಫ್ಯಾನು ನೋಡುತ್ತ ಮಾತಾಡುತ್ತಿದ್ದರು. ಉತ್ತರಪತ್ರಿಕೆಯ ಹಾಳೆ ತಿರುವಲು ನಾಲಿಗೆಗೆ ಬೆರಳು ಹಚ್ಚುತ್ತಿದ್ದರು; ಪ್ರತಿ ಹಾಳೆಯ ಮೂಲೆಯಲ್ಲೂ ಒಂದೊಂದು ಕಂದು ಚುಕ್ಕೆ. ಆ ಕಟ್ಟು ನನ್ನ ಕೈಗೆ ಬಂದಾಗ ನಾನು ಪೆನ್ನಿನ ತುದಿಯಿಂದ ಹಾಳೆ ತಿರುವುತ್ತಿದ್ದೆ. ಸ್ಟಾಫ್ ರೂಮಿನ ಕಿಟಕಿಯ ಹೊರಗೆ ಅವರು ಉಗುಳಿ ಉಗುಳಿ ಕಲ್ಲಿನ ಬಣ್ಣವೇ ಬೇರೆಯಾಗಿತ್ತು. ಮನುಷ್ಯ ಕೆಟ್ಟವರಲ್ಲ, ಯಾರ ಮೇಲೂ ಧ್ವನಿ ಏರಿಸಿದ್ದನ್ನು ನಾನು ಕೇಳಿಲ್ಲ. ಆದರೆ ಯಾವುದರ ಬಗ್ಗೆಯೂ ಅವರಿಗೆ ಏನೂ ಅನಿಸುತ್ತಿರಲಿಲ್ಲ.

ಆ ವರ್ಷ ಅವಿಭಾಜ್ಯ ಸಂಖ್ಯೆಗಳ ಪಾಠ ಶುರು ಮಾಡಿದ ದಿನ ನಾನು ಹಲಗೆಯ ಮೇಲೆ ಒಂದು ಸಂಖ್ಯೆ ಬರೆದೆ. ಒಂದರಿಂದ ಹತ್ತರವರೆಗೆ ಏರಿ, ಮತ್ತೆ ಒಂದಕ್ಕೆ ಇಳಿಯುವುದು, ನಡುವೆ ಜಾಗ ಬಿಡದೆ: 12345678910987654321. ಇಪ್ಪತ್ತು ಅಂಕಿ. ಓದಿ ಹೇಳಬೇಕೆಂದರೆ ಒಂದು ಲಕ್ಷ ಇಪ್ಪತ್ತಮೂರು ಸಾವಿರಕ್ಕೂ ಹೆಚ್ಚು ಕೋಟಿ ಕೋಟಿ.

"ಇದು ಒಡೀತದೋ ಇಲ್ಲೋ ಹೇಳ್ರಿ" ಎಂದೆ. ಒಂದು ಮತ್ತು ಆ ಸಂಖ್ಯೆಯನ್ನು ಬಿಟ್ಟು ಬೇರೆ ಯಾವುದರಿಂದಲಾದರೂ ಶೇಷ ಉಳಿಯದೆ ಭಾಗವಾಗುತ್ತದೆಯೇ ಎಂಬುದು ಪ್ರಶ್ನೆ.

"ಎರಡರಿಂದ ಹೋಗಂಗಿಲ್ರಿ ಮೇಡಂ, ಕಡೀಕ ಒಂದು ಅದ" ಎಂದ ಹಿಂದಿನ ಬೆಂಚಿನವನೊಬ್ಬ.

"ಐದರಿಂದನೂ ಇಲ್ಲ."

"ಮೂರರಿಂದ ನೋಡ್ರಿ, ಅಂಕಿ ಕೂಡಿಸ್ರಿ." ಕೂಡಿಸಿದರು. ತೊಂಬತ್ತೊಂದು. ಮೂರರಿಂದಲೂ ಹೋಗದು.

ಕರಜಗಿಯಿಂದ ದಿನಾ ಬಸ್ಸಿಗೆ ಬರುವ ಒಬ್ಬ ಹುಡುಗಿ ಇದ್ದಳು. ಮನೆಯಲ್ಲಿ ಕಬ್ಬಿನ ಹೊಲ. ಕಟಾವಿನ ದಿನಗಳಲ್ಲಿ ಕಾಲೇಜಿಗೆ ಬಂದರೆ ಮುಂಗೈ ತುಂಬ ಗರಿ ಗೀರಿದ ಗುರುತು. ತರಗತಿಯಲ್ಲಿ ಮಾತಾಡುವುದು ಕಡಿಮೆ. ಆ ದಿನ ಎದ್ದು ಬಂದು ಸುಣ್ಣದ ಕಡ್ಡಿ ತೆಗೆದುಕೊಂಡಳು. ನಾನು ಹಿಂದಿನ ವಾರ ಹೇಳಿಕೊಟ್ಟ ಉಪಾಯ ಅವಳಿಗೆ ನೆನಪಿತ್ತು: ಬಲಗಡೆಯಿಂದ ಮೂರು ಮೂರು ಅಂಕಿಯ ಗುಂಪು ಮಾಡಿ, ಒಂದು ಗುಂಪನ್ನು ಕೂಡಿ ಮುಂದಿನದನ್ನು ಕಳೆಯುತ್ತ ಹೋಗಬೇಕು. ಕೊನೆಗೆ ಉಳಿದದ್ದು ಏಳರಿಂದ ಹೋದರೆ ಇಡೀ ಸಂಖ್ಯೆ ಏಳರಿಂದ ಹೋಗುತ್ತದೆ. ಹನ್ನೊಂದಕ್ಕೂ ಹದಿಮೂರಕ್ಕೂ ಹಾಗೆಯೇ, ಯಾಕೆಂದರೆ ಆ ಮೂರನ್ನೂ ಗುಣಿಸಿದರೆ ಸಾವಿರದ ಒಂದು. ಅವಳು ಕೂಡಿ ಕಳೆದು ಎಂಬತ್ತೊಂಬತ್ತಕ್ಕೆ ಬಂದು ನಿಂತಳು.

"ಏಳೂ ಇಲ್ಲ, ಹನ್ನೊಂದೂ ಇಲ್ಲ, ಹದಿಮೂರೂ ಇಲ್ರಿ" ಎಂದು ತಿರುಗಿದಳು. ಮುಖ ಕೆಂಪಾಗಿತ್ತು. "ಮುಂದ ಎಷ್ಟರ ತನಕ ನೋಡಬೇಕ್ರಿ ಮೇಡಂ?"

"ಅದರ ವರ್ಗಮೂಲದ ತನಕ. ಮುನ್ನೂರೈವತ್ತು ಕೋಟಿ ದಾಟಬೇಕು."

"ಮತ್ತ ಅಷ್ಟೂ ಯಾರು ನೋಡ್ಯಾರ್ರಿ?"

"ಕಂಪ್ಯೂಟರ್ ನೋಡ್ಯದ. ಒಡಿಯಂಗಿಲ್ಲ ಅಂತದ. ಅವಿಭಾಜ್ಯ."

ಯಾರೋ ಸಿಳ್ಳೆ ಹಾಕಿದರು. ಒಂದರಿಂದ ಹತ್ತು, ಹತ್ತರಿಂದ ಒಂದು; ಅಂಗನವಾಡಿಯ ಮಗುವೂ ಹೇಳಬಲ್ಲದ್ದನ್ನು ಸಾಲಾಗಿ ನಿಲ್ಲಿಸಿದರೆ ಯಾರೂ ಒಡೆಯಲಾರದ ಗಟ್ಟಿಯೊಂದು ಆಗಿಬಿಡುತ್ತದೆ. ಇದಕ್ಕೆ ಕಾರಣವೇನೂ ಇಲ್ಲ, ಹಾಗೆ ಇದೆ, ಅಷ್ಟೇ. ಆಮೇಲೆ ಎಷ್ಟೋ ದಿನ ಆ ಹುಡುಗಿ ಬಸ್ಸಿನಲ್ಲಿ ಭಾಗಿಸಿಕೊಂಡು ಬಂದು, "ಹದಿನೇಳು ಮುಗೀತ್ರಿ, ಹೋಗಲಿಲ್ಲ", "ಇಪ್ಪತ್ಮೂರು ಆತ್ರಿ" ಎಂದು ವರಾಂಡದಲ್ಲಿ ನನಗೆ ವರದಿ ಒಪ್ಪಿಸುತ್ತಿದ್ದಳು. ಆ ಕಾಲೇಜಿನಲ್ಲಿ ನನಗೆ ಸಿಕ್ಕ ಸುಖ ಅದೊಂದೇ.

ಅದೇ ಹೊತ್ತಿಗೆ ಕಾಲೇಜಿಗೆ ತಪಾಸಣಾ ಸಮಿತಿ ಬರುತ್ತದೆಂಬ ಸುದ್ದಿ ಬಂತು. ಪ್ರಿನ್ಸಿಪಾಲರು ಎಲ್ಲರನ್ನೂ ಕೂರಿಸಿಕೊಂಡು, "ಗೋಡಿ ತುಂಬ ಜ್ಞಾನ ಕಾಣಬೇಕು. ಒಂದೊಂದು ವಿಭಾಗಕ್ಕ ಒಂದೊಂದು ಗೋಡಿ" ಎಂದರು. ಇತಿಹಾಸದವರಿಗೆ ಮುಂದಿನ ಗೋಡೆ ಸಿಕ್ಕಿತು. ನಮಗೆ ಮತ್ತು ಕನ್ನಡದವರಿಗೆ ಹಿಂದಿನ ಕಂಪೌಂಡು.

ಹಿಂದಿನ ಕಂಪೌಂಡು ಎಂದರೆ ಬಸ್ ನಿಲ್ದಾಣದ ದಾರಿಯ ಗೋಡೆ. ಊರಿನ ಗಂಡಸರೆಲ್ಲ ಅಲ್ಲಿಗೇ ಬಂದು ನಿಲ್ಲುತ್ತಿದ್ದರು. ಮೂತ್ರ ಹರಿದು ಹರಿದು ಕೆಳಗಿನ ಗಿಲಾವು ಉದುರಿತ್ತು, ಮಣ್ಣು ಬೆಳ್ಳಗೆ ಉಪ್ಪೇರಿತ್ತು. ಬೇಸಿಗೆಯಲ್ಲಿ ಆ ನಾತ ಎರಡನೇ ಮಹಡಿಯ ತರಗತಿಯವರೆಗೂ ಏರುತ್ತಿತ್ತು. ನಾನು ಸೆರಗನ್ನು ಮೂಗಿಗೆ ಒತ್ತಿಕೊಂಡೇ ಎಷ್ಟೋ ಪಾಠ ಮಾಡಿದ್ದೇನೆ.

"ಮೇಡಂ, ಛಲೋ ಒಂದು ನಂಬರ್ ಹೇಳ್ರಿ" ಎಂದರು ಮುಖ್ಯಸ್ಥರು. "ಉದ್ದಂದು ಇರಲಿ. ಗೋಡಿ ಭಾಳ ಉದ್ದ ಅದ."

ನಾನು ನನ್ನ ಸಂಖ್ಯೆ ಹೇಳಿದೆ. ಬರೆದೂ ಕೊಟ್ಟೆ. ಅಂಥ ಗೋಡೆಗೆ ಅದನ್ನು ಕೊಡಲು ಮನಸ್ಸಿರಲಿಲ್ಲ, ಆದರೂ ದಾರಿಯಲ್ಲಿ ಹೋಗುವ ನಾಲ್ಕು ಜನ ನೋಡಲಿ ಎಂಬ ಆಸೆಯೂ ಇತ್ತು.

ಪೇಂಟರ್ ಮುಖಕ್ಕೆ ಟವೆಲು ಸುತ್ತಿಕೊಂಡು ಕೆಲಸ ಮುಗಿಸಿದ ಮೇಲೆ ನಾನು ನೋಡಲು ಹೋದೆ. ಹಳದಿ ಬಣ್ಣದ ಮೇಲೆ ಮೊಳದೆತ್ತರದ ಕಪ್ಪು ಅಂಕಿಗಳು. ಕೆಳಗೆ ದಪ್ಪಕ್ಷರದಲ್ಲಿ "ಅವಿಭಾಜ್ಯ ಸಂಖ್ಯೆ". ಮುಖ್ಯಸ್ಥರು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ನಾನು ಎಡದಿಂದ ಓದುತ್ತ ಹೋದೆ. ಒಂಬತ್ತು ಬಂತು. ಒಂಬತ್ತರ ಮಗ್ಗುಲಿಗೆ ಎಂಟು.

"ಸರ, ಹತ್ತು ಎಲ್ಲಿ ಹೋಯ್ತ್ರಿ?"

"ತೆಗಿಸೀನಿ." ಗದ್ದ ಮೇಲಕ್ಕೆತ್ತಿ ಹೇಳಿದರು. "ನಡಬರಕ ಸೊನ್ನಿ ಬಂದಿತ್ತು ಮೇಡಂ. ಸಮಿತಿಯವರು ನೋಡಿ, ಈ ಕಾಲೇಜಿನ ನಡುವ ಸೊನ್ನಿ ಅದ ಅಂದ್ರ?"

"ಹಂಗಾದ್ರ ಎರಡು ಒಂಬತ್ತಾದ್ರೂ ಇರಬೇಕಿತ್ತಲ್ರಿ. ಏರೂದೊಂದು, ಇಳಿಯೂದೊಂದು."

"ಬಾಜು ಬಾಜು ಎರಡು ಒಂಬತ್ತು ಕಣ್ಣಿಗಿ ಚುಚ್ಚತಾವ. ಒಂದು ತೆಗಿ ಅಂದೆ. ಈಗ ನೋಡ್ರಿ ಬರಾಬರ್ ಗೋಪುರ ಆದಂಗ ಆಗ್ಯದ."

ಗೋಪುರದ ಹಾಗೆ ಕಾಣುತ್ತಿದ್ದದ್ದು ನಿಜ. ಹಾಗೆ ನೋಡಿದರೆ ಆ ಸಂಖ್ಯೆಯೂ ಕಡಿಮೆಯದಲ್ಲ. 12345678987654321 ಎಂದರೆ ಒಂಬತ್ತು ಒಂದುಗಳನ್ನು ಸಾಲಾಗಿ ಬರೆದು, ಅದನ್ನು ಅದರಿಂದಲೇ ಗುಣಿಸಿದಾಗ ಬರುವ ಉತ್ತರ. ಪೂರ್ಣ ವರ್ಗ. ಚೆಂದದ ಸಂಖ್ಯೆ. ಆದರೆ ಅವಿಭಾಜ್ಯಕ್ಕೂ ಅದಕ್ಕೂ ಏನೇನೂ ಸಂಬಂಧವಿಲ್ಲ. ತನ್ನಿಂದ ತಾನೇ ಗುಣಿಸಿಕೊಂಡು ಹುಟ್ಟಿದ್ದು ಅವಿಭಾಜ್ಯ ಆಗುವುದಾದರೂ ಹೇಗೆ?

"ಅಂಕಿ ಕೂಡಿಸ್ರಿ ಸರ, ಎಂಬತ್ತೊಂದು ಬರ್ತದ. ಒಂಬತ್ತರಿಂದ ಹೋಗ್ತದ ಇದು. ನಂಬರ್ ಇದ ಇರಲಿ, ಬರೀ ಕೆಳಗಿಂದು ಅಳಿಸಿ 'ಪೂರ್ಣ ವರ್ಗ' ಅಂತ ಬರಸ್ರಿ."

"ಸಮಿತಿಗಿ ಕೊಡೂ ಪುಸ್ತಕ ಛಾಪ್ ಆಗ್ಯದ. ಅದ್ರಾಗ ಅವಿಭಾಜ್ಯ ಅಂತನ ಅದ." ಅವರು ನಕ್ಕರು. "ಈ ವಾಸನ್ಯಾಗ ಯಾರು ನಿಂತು ಕೂಡಿಸ್ತಾರ ಮೇಡಂ?"

ಹಾಗೆಂದು ಮುಂದೆ ಬಾಗಿ ಗೋಡೆಯ ಬುಡಕ್ಕೆ ಉಗುಳಿದರು. ಮೊದಲ ಒಂದರ ಪಾದಕ್ಕೆ ಕೆಂಪು ಸಿಡಿಯಿತು. ನಾನು ಹಿಂದೆ ಸರಿದು, ಸೀರೆಯ ಅಂಚಿಗೆ ಏನಾದರೂ ಬಿತ್ತೇ ಎಂದು ನೋಡಿಕೊಂಡೆ.

ಸಮಿತಿ ಬಂತು. ಅದರಲ್ಲಿ ಗಣಿತದ ಪ್ರಾಧ್ಯಾಪಕರೊಬ್ಬರು ಇದ್ದಾರೆಂದು ತಿಳಿದಾಗ ನನಗೆ ಒಳಗೊಳಗೇ ಸಮಾಧಾನವಾಯಿತು. ಆ ಗೋಡೆಗೆ ಹಿಂದಿನ ದಿನವೇ ನೀರು ಹೊಡೆದು, ಬ್ಲೀಚಿಂಗ್ ಪುಡಿ ಚೆಲ್ಲಿ, ಅದರ ಮೇಲೆ ಗುಲಾಬಿ ಅತ್ತರಿನ ನೀರು ಚಿಮುಕಿಸಿದ್ದರು. ಮೂರೂ ಸೇರಿದ ಆ ಹೊಸ ನಾತ ಹಳೆಯದಕ್ಕಿಂತ ಕೆಟ್ಟದಾಗಿತ್ತು. ಮುಖ್ಯಸ್ಥರು ಅಂದು ಬಾಯಿ ತೊಳೆದುಕೊಂಡು ಬಂದಿದ್ದರು. "ಇದು ನಮ್ಮ ವಿಭಾಗದ ಶೋಧ ಸರ. ಜಗತ್ತಿನ ದೊಡ್ಡ ಅವಿಭಾಜ್ಯಗಳೊಳಗ ಒಂದು" ಎಂದು ವಿವರಿಸಿದರು. ಪ್ರಾಧ್ಯಾಪಕರು ಗೋಡೆಯ ಮೇಲೆ ಕಣ್ಣಾಡಿಸಿ, ತಲೆದೂಗಿ, ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರು.

"ಸರ್, ಅದು ಅವಿಭಾಜ್ಯ ಅಲ್ಲ" ಎಂದೆ. "ನಡುವಿನ ಹತ್ತು ಬಿಟ್ಟು ಹೋಗಿದೆ. ಈಗಿರುವುದು ಒಂಬತ್ತರಿಂದ ಹೋಗುತ್ತದೆ."

ಪ್ರಿನ್ಸಿಪಾಲರು ನನ್ನನ್ನು ನೋಡಿದ ರೀತಿ ಹೇಳಲಾರೆ. ಪ್ರಾಧ್ಯಾಪಕರು ಮಾತ್ರ ಮುಗುಳ್ನಕ್ಕು, "ಪರವಾಗಿಲ್ಲ ಮೇಡಂ, ಇಂಥ ಕಡೆ ಉತ್ಸಾಹ ಮುಖ್ಯ" ಎಂದು ಮುಂದೆ ನಡೆದರು. ಅವರು ಮೈಸೂರು ಕಡೆಯವರು. ಇಂಥ ಕಡೆ ಎಂದದ್ದು ನನ್ನ ಕಿವಿಯಲ್ಲಿ ಉಳಿಯಿತು.

ಊಟಕ್ಕೆ ಶೇಂಗಾ ಹೋಳಿಗೆ, ಎಣ್ಣೆಗಾಯಿ, ಸಜ್ಜೆ ರೊಟ್ಟಿ, ಹುಗ್ಗಿ ಮಾಡಿಸಿದ್ದರು. ಎಲ್ಲ ಮುಗಿದ ಮೇಲೆ ಕೈ ತೊಳೆಯುವ ಬೇಸಿನ್ನಿನ ಹತ್ತಿರ ಆ ಪ್ರಾಧ್ಯಾಪಕರು ಸಿಕ್ಕರು. ಬಾಯಿ ಮುಕ್ಕಳಿಸಿ ಬೇಸಿನ್ನಿಗೆ ಉಗಿದು, ಕಿರುಬೆರಳಿನ ಉಗುರಿನಿಂದ ಹಲ್ಲಿನ ಸಂದಿ ಕೆದಕುತ್ತ ಹೇಳಿದರು:

"ಬೇಜಾರು ಮಾಡ್ಕೋಬೇಡಿ. ನೋಡಿದ ತಕ್ಷಣ ನನಗೂ ಗೊತ್ತಾಯ್ತು. ಒಂಬತ್ತು ಒಂದುಗಳ ವರ್ಗ ಅಲ್ವಾ? ಜೀವಮಾನವೆಲ್ಲ ಸಂಖ್ಯಾ ಸಿದ್ಧಾಂತವನ್ನೇ ಪಾಠ ಮಾಡಿದೋನು ನಾನು."

"ಮತ್ತೆ ಊಟದ ಹೊತ್ತಿಗಾದರೂ ಯಾಕೆ ಹೇಳಲಿಲ್ಲ ಸರ್?"

"ಹೋಳಿಗೆ ಅಷ್ಟು ಚೆನ್ನಾಗಿತ್ತು" ಎಂದು ನಕ್ಕು, ಕೆದಕಿದ ಉಗುರನ್ನು ಅಲ್ಲಿ ತೂಗುಹಾಕಿದ್ದ ಟವೆಲಿಗೆ ಒರೆಸಿದರು.

ನಾನು ಹೇಳಿದರೂ ಮುಖ್ಯಸ್ಥರ ತಲೆಗೆ ಹೋಗದಿದ್ದದ್ದು ನನಗೆ ಅಷ್ಟು ಕೆಟ್ಟದೆನಿಸಿರಲಿಲ್ಲ. ಇವರಿಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಲ್ಲಿ ಹೋಳಿಗೆ ಇತ್ತು. ನಾನು ಹಿಂದಿನ ಬಾಗಿಲಿನಿಂದ ಹೊರಗೆ ಹೋಗಿ ಬೇವಿನ ಗಿಡದ ಬುಡದಲ್ಲಿ ವಾಂತಿ ಮಾಡಿಕೊಂಡೆ. ಏನೂ ಉಂಡಿರಲಿಲ್ಲವಾದ್ದರಿಂದ ಬರೀ ಕಹಿ ನೀರು ಬಂತು.

ಸಮಿತಿ ಒಳ್ಳೆಯ ಮಾತು ಬರೆದು ಹೋಯಿತು. ಮುಖ್ಯಸ್ಥರಿಗೆ ಶಾಲು ಹೊದಿಸಿದರು. ಇಲ್ಲಿಗೆ ಮುಗಿದಿದ್ದರೆ ನಾನೂ ಮರೆಯುತ್ತಿದ್ದೆನೇನೋ. ಪರೀಕ್ಷೆಯ ದಿನ ಹತ್ತಿರ ಬಂದಾಗ ಯಾರೋ ನಡುವಿನ ಒಂಬತ್ತಕ್ಕೆ ಕುಂಕುಮ ಹಚ್ಚಿದರು. ಆ ನಂಬರು ಮುಟ್ಟಿ ಹೋದವರು ಪಾಸಾಗುತ್ತಾರೆಂದು ಸುದ್ದಿ ಹಬ್ಬಿತು. ಊದಿನಕಡ್ಡಿ ಬಂತು, ಲಿಂಬೆಹಣ್ಣು ಬಂತು, ತೆಂಗಿನಕಾಯಿ ಬಂತು. ಕೊಳೆತ ಲಿಂಬೆಹಣ್ಣಿನ ಮೇಲೆ ನೊಣ, ಕಾಯಿಯ ಚೂರಿನ ಸುತ್ತ ಇರುವೆ ಸಾಲು, ಕುಂಕುಮ ಕರಗಿ ಎಂಟು ಏಳರ ಮೇಲೆಲ್ಲ ಇಳಿದ ಕೆಂಪು ನೀರು. ಗಂಡಸರು ಅಲ್ಲಿ ನಿಲ್ಲುವುದನ್ನು ಬಿಟ್ಟರು. ಸ್ವಲ್ಪ ಆಚೆಗೆ ಸರಿದು ಕನ್ನಡ ವಿಭಾಗದವರು ಬರೆಸಿದ್ದ ಅ ಆ ಇ ಈ ಮೇಲೆ ಹೊಯ್ಯತೊಡಗಿದರು. "ನೋಡಿದ್ರ್ಯಾ, ಗಣಿತದ ಶಕ್ತಿ!" ಎಂದು ಪ್ರಿನ್ಸಿಪಾಲರು ಸ್ಟಾಫ್ ಮೀಟಿಂಗಿನಲ್ಲಿ ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು, ಕನ್ನಡದವರೂ ತಟ್ಟಿದರು.

ಆಂತರಿಕ ಪರೀಕ್ಷೆಗೆ ಪ್ರಶ್ನೆ ತೆಗೆದವರು ಮುಖ್ಯಸ್ಥರು. ಒಂದು ಪ್ರಶ್ನೆ: ಹತ್ತಕ್ಕಿಂತ ಹೆಚ್ಚು ಅಂಕಿಗಳಿರುವ ಒಂದು ಅವಿಭಾಜ್ಯ ಸಂಖ್ಯೆಯನ್ನು ಬರೆಯಿರಿ. ಕರಜಗಿಯ ಹುಡುಗಿ ಹತ್ತು ಸೇರಿಸಿ, ಇಪ್ಪತ್ತು ಅಂಕಿಯನ್ನೂ ಸರಿಯಾಗಿ ಬರೆದಿದ್ದಳು. ಅದರ ಮೇಲೆ ಕೆಂಪು ಗೀಟು, ಮಗ್ಗುಲಿಗೆ ಸೊನ್ನೆ. ಹಾಳೆಯ ಮೂಲೆಯಲ್ಲಿ ಎಂದಿನ ಕಂದು ಚುಕ್ಕೆ. ನಾನು ಆ ಹಾಳೆ ಹಿಡಿದುಕೊಂಡು ಅವರ ಮೇಜಿನ ಮುಂದೆ ನಿಂತೆ.

"ಸರ, ಇದು ಖರೆ ಅದ. ನಿಮ್ಮ ಗೋಡಿದು ತಪ್ಪು."

"ಗೋಡಿ ಮ್ಯಾಲ ಅಷ್ಟು ದೊಡ್ಡದಾಗಿ ಬರಸೀವಿ. ಅದನ್ನೂ ನೋಡಿ ಬರಿಯಾಕ ಬರಲ್ಲಂದ್ರ ಹ್ಯಾಂಗ?" ಸಿಟ್ಟಿಲ್ಲದೆ, ನಿಧಾನವಾಗಿ ಹೇಳಿದರು. "ಎಲ್ಲರಿಗೂ ಒಂದ ರೀತಿ ಮಾರ್ಕ್ ಕೊಡಬೇಕಾಗ್ತದ ಮೇಡಂ. ಆಕಿಗಿ ಕೊಟ್ರ ಉಳಕಿದವರದು ಕಳೀಬೇಕು. ಅದೇನು ನ್ಯಾಯ?"

ಎರಡನೇ ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಮತ್ತೆ ಬಂತು. ಈ ಸಲ ಅವಳಿಗೆ ಪೂರ್ತಿ ಅಂಕ. ಅಂಕ ತಿಳಿಸಿದ ದಿನ ಸಂಜೆ ಬಸ್ ನಿಲ್ದಾಣದಲ್ಲಿ ಕರಜಗಿಯ ಬಸ್ಸಿಗೆ ಕಾಯುತ್ತ ನಿಂತಿದ್ದಳು. ನಾನು ಹತ್ತಿರ ಹೋದಾಗ ತಲೆ ತಗ್ಗಿಸಿದಳು.

"ಏನು ಬರದಿ ಬೇ?" ಎಂದೆ.

"ಗೋಡಿದು ಬರದೀನ್ರಿ."

ಬಸ್ಸಿನ ದಾರಿ ನೋಡುತ್ತ ಮುಂದುವರಿಸಿದಳು. "ನನಗ ಎಮ್ಮೆಸ್ಸಿ ಸೀಟ್ ಬೇಕ್ರಿ ಮೇಡಂ. ಒಂದೊಂದು ಮಾರ್ಕಿಗಿ ಸೀಟ್ ಹೋಗ್ತದ್ರಿ. ಒಂಬತ್ತು ಬರದ ಕೂಡಲೇ ಕೈ ತಾನ ಹತ್ತು ಬರಿಯಾಕ ಹೋತು. ತಡದು ಎಂಟು ಬರದೆ."

"ನಿನ್ನ ತಪ್ಪಲ್ಲ ಬಿಡು."

"ನಿಮಗ ಹೇಸಿಗಿ ಬಂತಲ್ರಿ ನನ್ನ ಮ್ಯಾಲ?"

ಇಲ್ಲವೆಂದೆ. ಬಂದಿರಲಿಲ್ಲ. ಅವಳ ಬಸ್ಸು ಬಂತು, ಹತ್ತಿ ಹೋದಳು. ಆ ದಿನ ನನ್ನ ಬಾಡಿಗೆ ಖೋಲಿಗೆ ಬಂದು ಒಲೆ ಹೊತ್ತಿಸಲಿಲ್ಲ.

ಮರುದಿನ ಭಾನುವಾರ. ಬಜಾರಿನಲ್ಲಿ ಸಣ್ಣ ಡಬ್ಬಿ ಕಪ್ಪು ಬಣ್ಣ ಮತ್ತು ಒಂದು ಬ್ರಷ್ ಕೊಂಡು, ನಡುಮಧ್ಯಾಹ್ನದ ಬಿಸಿಲಿನಲ್ಲಿ ಆ ಗೋಡೆಯ ಮುಂದೆ ನಿಂತೆ. ಮೂಗಿಗೆ ಸೆರಗು ಕಟ್ಟಿಕೊಂಡಿದ್ದೆ. ಕಾಲ ಕೆಳಗೆ ಕಾಯಿ ನೀರು, ಎಣ್ಣೆ, ಏನೇನೋ ಮೆತ್ತಗೆ ಹತ್ತುತ್ತಿತ್ತು. ಒಂಬತ್ತಕ್ಕೂ ಎಂಟಕ್ಕೂ ನಡುವೆ ಜಾಗವಿರಲಿಲ್ಲ. ಹುಡುಗರ ಉತ್ತರಪತ್ರಿಕೆಯಲ್ಲಿ ಬಿಟ್ಟ ಅಕ್ಷರ ಸೇರಿಸುವಾಗ ಮಾಡುವ ಹಾಗೆ, ಕೆಳಗೆ ಬಾಣದ ಗುರುತು ಹಾಕಿ, ಮೇಲೆ ಒಂದು, ಸೊನ್ನೆ, ಇನ್ನೊಂದು ಒಂಬತ್ತು ಬರೆದೆ. ಬ್ರಷ್ ಹಿಡಿದು ಅಭ್ಯಾಸವಿಲ್ಲ; ಸೊನ್ನೆ ಬದನೆಕಾಯಿಯಂತೆ ಬಂತು. ಒಬ್ಬಾತ ಪ್ಯಾಂಟಿನ ಜಿಪ್ಪಿಗೆ ಕೈ ಹಾಕಿಕೊಂಡೇ ಬಂದವನು ನನ್ನನ್ನು ನೋಡಿ ಗಾಬರಿಯಾಗಿ, "ಏನ್ರಿ ಅಕ್ಕೋರ, ಏನು ಬರ್ಯಾಕತ್ತೀರಿ?" ಎಂದ.

"ಹತ್ತು" ಎಂದೆ. ಅವನು ಅ ಆ ಇ ಈ ಕಡೆಗೆ ಹೋದ.

ಅಷ್ಟರಲ್ಲಿ ಒಬ್ಬ ಹೆಂಗಸು ಕೈಯಲ್ಲಿ ಕಾಯಿ, ಕುಂಕುಮದ ಪೊಟ್ಟಣ ಹಿಡಿದು ಬಂದಳು. ಮಗ ನಮ್ಮ ಕಾಲೇಜಿನವನಂತೆ, ಎರಡು ವಿಷಯ ಉಳಿದಿವೆಯಂತೆ.

"ಯಾಕವ್ವಾ, ದೇವರ ಮ್ಯಾಲ ಬರ್ಯಾಕತ್ತಿ?" ಎಂದಳು.

"ದೇವರಲ್ಲಬೇ ಇದು, ಲೆಕ್ಕ. ತಪ್ಪು ಬರದಾರ, ತಿದ್ದಾಕತ್ತೇನಿ."

ಅವಳು ನನ್ನನ್ನೂ ಗೋಡೆಯನ್ನೂ ನೋಡಿದಳು. "ತಿದ್ದಿದ್ರ ಇನ್ನಾ ಜಾಸ್ತಿ ಪಾಸ್ ಆಗ್ತಾವೇನು?"

"ಪಾಸಿಗೂ ಇದಕ್ಕೂ ಸಂಬಂಧ ಇಲ್ಲವ್ವಾ."

"ಇರಲಿ ಬಿಡು, ಖರೆ ಮಾಡಿದ್ದು ಛಲೋನ ಆತು" ಎಂದು, ಬಾಗಿಲಿಗೆ ಕಾಯಿ ಒಡೆಯುವಷ್ಟೇ ಸಹಜವಾಗಿ ಕಾಯಿ ಒಡೆದು, ಬೆರಳು ಅದ್ದಿ ನನ್ನ ಸೊನ್ನೆಗೆ ದುಂಡಗೆ ಕುಂಕುಮ ಇಟ್ಟಳು. ಹಸಿ ಬಣ್ಣದಲ್ಲಿ ಕುಂಕುಮ ಕಲೆಸಿ ಸಗಣಿಯ ಬಣ್ಣವಾಯಿತು. ಅವಳು ಕೈ ಮುಗಿದು ಹೋದಳು. ನಾನು ಬ್ರಷ್ಷನ್ನು ಅಲ್ಲೇ ಬಿಸಾಕಿದೆ. ಕೈಗೆ ಹತ್ತಿದ ಕಪ್ಪನ್ನು ಸೀಮೆಎಣ್ಣೆ ಹಾಕಿ ಉಜ್ಜಿದರೂ ಉಗುರಿನ ಸಂದಿಯಿಂದ ಹೋಗಲಿಲ್ಲ.

ಸೋಮವಾರ ಪ್ರಿನ್ಸಿಪಾಲರು ಕರೆಸಿದರು. ಮುಖ್ಯಸ್ಥರು ಪಕ್ಕದ ಕುರ್ಚಿಯಲ್ಲಿ ಗದ್ದ ಎತ್ತಿ ಕೂತಿದ್ದರು.

"ಕಾಲೇಜಿನ ಗೋಡಿ ಹೊಲಸು ಮಾಡೀರಿ" ಎಂದರು ಪ್ರಿನ್ಸಿಪಾಲರು.

ಆ ಗೋಡೆಗೆ ಹೊಲಸು ಎಂಬ ಮಾತು ಅವರ ಬಾಯಿಂದ ಅದೇ ಮೊದಲು ಬಂದದ್ದು. ನಾನು ಎಲ್ಲವನ್ನೂ ಹೇಳಿದೆ: ಎಂಬತ್ತೊಂದು, ಒಂಬತ್ತು, ಇಪ್ಪತ್ತು ಅಂಕಿ.

"ನೀವು ಹೇಳೂದು ಖರೆನೇ ಇದ್ದೀತು. ಹಂಗಿದ್ರ ಬರವಣಿಗಿಯೊಳಗ ಕೊಡಬೇಕಾಗಿತ್ತು."

"ಬರವಣಿಗಿಯೊಳಗನ ಕೊಟ್ಟೀನ್ರಿ ಸರ, ಗೋಡಿ ಮ್ಯಾಲ."

ಮುಖ್ಯಸ್ಥರು ಫಕ್ಕನೆ ನಕ್ಕರು. ಮೇಜಿನ ಗಾಜಿನ ಮೇಲೆ ಎರಡು ಕೆಂಪು ಹನಿ ಬಿದ್ದವು. ಪ್ರಿನ್ಸಿಪಾಲರು ನಗಲಿಲ್ಲ. ಅದೇ ವಾರ ನನ್ನ ಮೂರು ಅಂಕಿಗಳ ಮೇಲೆ ಸುಣ್ಣ ಬಳಿಸಿದರು. ಮುಂದಿನ ವರ್ಷ ಕಾರ್ಯಭಾರ ಕಡಿಮೆ ಎಂದು ನನ್ನನ್ನು ಕರೆಯಲಿಲ್ಲ. "ಒಂದು ನಂಬರಿನ ಸಲುವಾಗಿ ಕೂತ ಜಾಗಾ ಕಳಕೊಂಡಿ" ಎಂದು ಅವ್ವ ನಿಂಬರ್ಗಾದಲ್ಲಿ ಇಡೀ ಬೇಸಿಗೆ ಗೊಣಗಿದಳು.

ಈಗ ಜೇವರ್ಗಿಯ ಒಂದು ಕಾಲೇಜಿನಲ್ಲಿದ್ದೇನೆ. ಇಲ್ಲಿಯೂ ಕಾಯಂ ಅಲ್ಲ. ಕರಜಗಿಯ ಹುಡುಗಿಗೆ ಕಲಬುರಗಿಯಲ್ಲಿ ಎಮ್ಮೆಸ್ಸಿ ಸೀಟು ಸಿಕ್ಕಿತು. ಆಗಾಗ ಫೋನು ಮಾಡುತ್ತಾಳೆ, ಹೆಚ್ಚಾಗಿ ಹಾಸ್ಟೆಲಿನ ಊಟದ ಬಗ್ಗೆ ಬೈಯಲು. ಹಳೆಯ ಮುಖ್ಯಸ್ಥರು ಅಫಜಲಪುರದ ಆ ಕಾಲೇಜಿಗೆ ಪ್ರಿನ್ಸಿಪಾಲರಾದರು.

ಕಳೆದ ಚಳಿಗಾಲದಲ್ಲಿ ನಮ್ಮ ಕಾಲೇಜಿನಲ್ಲಿ ಗಣಿತದ ಕಾರ್ಯಾಗಾರ ಇಟ್ಟುಕೊಂಡರು. ಮುಖ್ಯ ಭಾಷಣಕಾರರಾಗಿ ಅವರೇ ಬಂದರು. ಮೈಕಿನ ಮುಂದೆ ನಿಂತು ಪರದೆಯ ಮೇಲೆ ಒಂದು ಸಂಖ್ಯೆ ತೋರಿಸಿದರು. ನಾನು ಎಡದಿಂದ ಓದಿಕೊಂಡು ಹೋದೆ. ನಡುವೆ ಹತ್ತು ಇತ್ತು.

"ನಮ್ಮ ಕಾಲೇಜಿನ ಗೋಡಿ ಮ್ಯಾಲ ಇದನ್ನ ಬರಸಿದ್ವಿ" ಎಂದರು. "ಪೇಂಟರ್ ಹತ್ತು ಬಿಟ್ಟುಬಿಟ್ಟಿದ್ದ. ಸಣ್ಣ ತಪ್ಪು ಅಂತ ಸುಮ್ನ ಇರಬಹುದಿತ್ತು. ಆದ್ರ ಗಣಿತದಾಗ ಸಣ್ಣ ತಪ್ಪು ಅಂಬೂದಿಲ್ಲ. ರವಿವಾರ ದಿನ ನಾನ ಬ್ರಷ್ ಹಿಡಕೊಂಡು ಹೋಗಿ ತಿದ್ದಿ ಬಂದೆ. ಹುಡುಗರೇ, ಇಂಥಾ ಶ್ರದ್ಧಾ ಬೇಕು."

ಸಭೆ ಚಪ್ಪಾಳೆ ತಟ್ಟಿತು. ವಂದನಾರ್ಪಣೆಯ ಪಾಳಿ ನನ್ನದೇ ಆಗಿತ್ತು. ಮೈಕಿನ ಹತ್ತಿರ ಹೋದೆ. ಅದರ ಮೇಲೆ ಅವರ ಉಗುಳಿನ ಹನಿಗಳು ಕಾಣುತ್ತಿದ್ದವು, ಸ್ವಲ್ಪ ದೂರದಲ್ಲೇ ನಿಂತು ಮಾತಾಡಿದೆ.

"ಸರ್ ಹೇಳಿದ ಗೋಡೆಯನ್ನು ನಾನು ಬಲ್ಲೆ" ಎಂದೆ. "ಹತ್ತನ್ನು ತೆಗೆಸಿದ್ದು ಪೇಂಟರ್ ಅಲ್ಲ, ಸರ್ ಅವರೇ. ಬ್ರಷ್ ಹಿಡಿದು ತಿದ್ದಿದ್ದು ನಾನು. ಅದರ ಮೇಲೆ ಸುಣ್ಣ ಬಳಿಸಿದರು. ಅವರು ಬಂದದ್ದಕ್ಕೆ ವಂದನೆಗಳು."

ಎಲ್ಲರಿಗಿಂತ ಮೊದಲು ಅವರೇ ತೊಡೆ ತಟ್ಟಿಕೊಂಡು ನಕ್ಕರು. ಅವರು ನಕ್ಕದ್ದು ನೋಡಿ ಇಡೀ ಸಭೆ ನಕ್ಕಿತು. ತಮಾಷೆ ಎಂದುಕೊಂಡರು. ಚಹಾದ ವೇಳೆಗೆ ಅವರು ಮಿರ್ಚಿ ಭಜಿ ತಿನ್ನುತ್ತ ನನ್ನ ಹತ್ತಿರ ಬಂದು, "ಮೇಡಂ, ನೀವು ಇನ್ನೂ ಹಂಗ ಅದೀರಿ ನೋಡ್ರಿ" ಎಂದು ಎಣ್ಣೆಗೈಯಿಂದಲೇ ನನ್ನ ಭುಜ ತಟ್ಟಿದರು. ರವಿಕೆಯ ಮೇಲೆ ನಾಲ್ಕು ಬೆರಳಿನ ಜಿಡ್ಡು ಮೂಡಿತು. ನಾನು ತಟ್ಟೆ ಕೆಳಗಿಟ್ಟೆ.

"ಭಾಳ ಛಲೋ ನಗಿಸಿದ್ರಿ ಮೇಡಂ" ಎಂದರು ಪಕ್ಕದಲ್ಲಿದ್ದ ನಮ್ಮ ಕಾಲೇಜಿನ ಭೌತಶಾಸ್ತ್ರದವರು.

"ನಾ ನಗಿಸಾಕ ಹೇಳಿರಲಿಲ್ರಿ" ಎಂದೆ.

ಅವರು ಅದಕ್ಕೂ ನಕ್ಕರು.